ಚಪ್ಪಲಿ ಬಿಡುವ ಜಾಗ

ನಾನು ಒಳ್ಳೆಯವಳು ಎಂದು ಎಲ್ಲರೂ ಹೇಳುತ್ತಾರೆ. ಮೊದಲು ಆ ಮಾತನ್ನು ಹೊಡೆದುಹಾಕಿ ಮುಂದಕ್ಕೆ ಬರೆಯುತ್ತೇನೆ.

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೆ ನಮ್ಮ ಬಡಾವಣೆಯ ಯೋಗ ಕೇಂದ್ರದ ಹಾಜರಿ ಪುಸ್ತಕ ನನ್ನ ಕೈಗೆ ಬಂತು. ಅಕ್ಷರ ದುಂಡಗಿದೆ, ಮಾತು ಮೆದು, ಯಾರ ಹತ್ತಿರವೂ ಜಗಳವಿಲ್ಲ ಎಂದು ಅಧ್ಯಕ್ಷರು ನನ್ನನ್ನೇ ಆರಿಸಿದರು. ಬೆಳಿಗ್ಗೆ ಆರಕ್ಕೆ ತರಗತಿ. ಹಾಲ್‌ನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಬಾಗಿಲು ದಾಟಿ ಒಳಗೆ ಬಂದವರ ಹೆಸರಿನ ಮುಂದೆ ಒಂದು ಗೀಟು. ದಾಟದವರಿಗೆ ಇಲ್ಲ. ಅದು ಕೇಂದ್ರದ ನಿಯಮ. ಹೊರಗೆ ಕೂತು ನೋಡುವವರೂ ಇರುತ್ತಿದ್ದರು. ಹೆಂಡತಿಗಾಗಿ ಕಾಯುವ ಗಂಡ, ಮೊಮ್ಮಗಳನ್ನು ಕರೆತಂದ ಅಜ್ಜ. ಅಂಥವರ ಹೆಸರು ಪುಸ್ತಕದ ಕಡೆಯ ಪುಟಕ್ಕೆ. ಆ ಪುಟದ ತಲೆಯಲ್ಲಿ 'ವೀಕ್ಷಕರು' ಎಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಕೇಂದ್ರದಲ್ಲಿ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು.

ಕಟ್ಟಡ ಸಾರ್ವಜನಿಕರದ್ದು. ಹಾಲ್ ಮಾತ್ರ ಕೇಂದ್ರಕ್ಕೆ ಬಿಟ್ಟುಕೊಟ್ಟದ್ದು. ಮುಂದೆ ರಸ್ತೆಯ ಮಟ್ಟಕ್ಕೆ ಒಂದು ವರಾಂಡ. ಚಪ್ಪಲಿ ಬಿಡುವುದು ಅಲ್ಲಿ. ವರಾಂಡದಿಂದ ಹಾಲ್‌ಗೆ ಮೂರು ಮೆಟ್ಟಿಲು.

ನಮ್ಮ ಬಡಾವಣೆಯ ಟೈಲರಮ್ಮ ತರಗತಿಗೆ ಮೊದಲ ದಿನ ಬಂದಾಗ ಜೊತೆಗೆ ಅವಳ ಚಿಕ್ಕಮ್ಮ ಇದ್ದಳು. ಚಿಕ್ಕಮ್ಮನ ತಲೆಯ ಮೇಲೆ ಒಂದು ಹಲಗೆ ಇತ್ತು. ಬಟ್ಟೆ ಕತ್ತರಿಸುವ ಹಳೆಯ ಮೇಜಿನ ಹಲಗೆ. ಅದನ್ನು ಮೆಟ್ಟಿಲ ಮೇಲೆ ಒರಗಿಸಿ, ಕಾಲಿನಿಂದ ಒದ್ದು ಭದ್ರ ನೋಡಿದಳು.

"ಮೇಲೆ ಹತ್ತೇ. ಬಿದ್ರೆ ನನ್ನ ಮೇಲೆ ಬೀಳು. ಮೆತ್ತಗಿದ್ದೀನಿ."

ಟೈಲರಮ್ಮ ತನ್ನ ಗಾಲಿಕುರ್ಚಿಯ ಚಕ್ರಗಳನ್ನು ತಾನೇ ತಳ್ಳಿಕೊಂಡು ಏರಿದಳು. ತೋಳಿನ ನರ ಉಬ್ಬಿತು. ಬಾಗಿಲಲ್ಲಿ ಕುರ್ಚಿ ನಿಲ್ಲಿಸಿದಳು. ಮಡಿಲಲ್ಲಿದ್ದ ಒದ್ದೆ ಬಟ್ಟೆ ತೆಗೆದು, ಬಗ್ಗಿ, ಎರಡೂ ಚಕ್ರಗಳನ್ನು ಸುತ್ತ ಒರೆಸಿದಳು. ನಾವು ಚಪ್ಪಲಿ ಬಿಟ್ಟು ಬರುತ್ತೇವೆ. ಅವಳಿಗೆ ಚಕ್ರ ಬಿಟ್ಟು ಬರಲಾಗುವುದಿಲ್ಲ. ಒಳಗೆ ಬಂದಳು. ನಾನು ಗೀಟು ಹಾಕಿದೆ.

ಅವಳಿಗೆ ನಲವತ್ತು ದಾಟಿರಬಹುದು. ಹಿಂದೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳಂತೆ. ಸಾಮಾನು ಸಾಗಿಸುವ ಲಿಫ್ಟ್ ತಂತಿ ಕಿತ್ತು ಬಿತ್ತು. ಒಳಗೆ ಅವಳಿದ್ದಳು. ಸೊಂಟದ ಕೆಳಗೆ ಸ್ಪರ್ಶವೂ ಬಲವೂ ಉಳಿಯಲಿಲ್ಲ. ಹನ್ನೊಂದು ವರ್ಷವಾಯಿತು. ಈಗ ರಸ್ತೆಯ ತಿರುವಿನಲ್ಲಿ ಸ್ವಂತ ಅಂಗಡಿ. ಹೊಲಿಗೆ ಯಂತ್ರದ ಪೆಡಲನ್ನು ಮೇಜಿನ ಮೇಲಿಟ್ಟುಕೊಂಡು ಬಲ ಮೊಣಕೈಯಿಂದ ಒತ್ತುತ್ತಾಳೆ. ಎಡಗೈಯಲ್ಲಿ ಬಟ್ಟೆ ನಡೆಸುತ್ತಾಳೆ. ನನ್ನ ಎಡ ಭುಜ ಮೇಲೇಳುವುದಿಲ್ಲ ಎಂದು ಮೂರನೆಯ ದಿನವೇ ಅವಳು ಗಮನಿಸಿದ್ದಳು. ನಾಲ್ಕನೆಯ ದಿನ ಒಂದು ಪಟ್ಟಿ ಹೊಲಿದು ತಂದುಕೊಟ್ಟಳು. ಎರಡು ತುದಿಗೂ ಕೈ ತೂರಿಸುವ ಕುಣಿಕೆ.

"ಬಲಗೈಲಿ ಎಳೀರಿ ಮೇಡಂ. ಎಡಗೈ ತಾನೇ ಹಿಂದೆ ಬರುತ್ತೆ."

ಬಂತು. ನಾಲ್ಕು ವರ್ಷದಿಂದ ಯೋಗ ಕಲಿಸುವ ಮಾಸ್ತರು ನನ್ನ ಭುಜ ನೋಡುತ್ತಿದ್ದರು. ಅವರಿಗೆ ಹೊಳೆದಿರಲಿಲ್ಲ.

ಒಂಬತ್ತು ದಿನ ಅವಳು ಒಳಗಿದ್ದಳು. ಒಂಬತ್ತು ಗೀಟು.

ಒಂಬತ್ತನೆಯ ದಿನ ಅವಳು ಒಳಗೆ ಹೋದ ಕೂಡಲೇ, ತರಗತಿ ಶುರುವಾಗುವ ಮೊದಲು, ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. ಮರದ ನೆಲ ಆಗಷ್ಟೇ ಹಾಕಿಸಿದ್ದು. ಅವರು ಬೆರಳು ತೋರಿಸಿದರು. ಬಾಗಿಲಿಂದ ಹಾಲ್‌ನ ನಡುವಿನವರೆಗೆ ಎರಡು ಕಪ್ಪು ಗೆರೆ.

"ನೋಡಿ. ನೆಲ ಹಾಳಾಯ್ತು. ಅದೂ ಅಲ್ದೆ ಆ ಕುರ್ಚಿ ಕಿರ್ ಕಿರ್ ಅನ್ನುತ್ತೆ. ಧ್ಯಾನದ ಹೊತ್ತಲ್ಲಿ ನಾಕು ಜನ ದೂರು ಕೊಟ್ಟಿದ್ದಾರೆ. ನಾನು ಹೇಳಿದ್ರೆ ಒರಟಾಗುತ್ತೆ. ನೀವು ಸಮಾಧಾನವಾಗಿ ಹೇಳ್ತೀರಿ."

ಅವರು ಹೋದರು. ನಾನು ನಿಂತಿದ್ದೆ. ಆ ಗೆರೆಗಳು ನೀರು. ಅವಳು ಚಕ್ರ ಒರೆಸಿದ ಬಟ್ಟೆಯ ಒದ್ದೆ. ಐದು ನಿಮಿಷಕ್ಕೆ ನನ್ನ ಕಣ್ಣ ಮುಂದೆಯೇ ಆರಿಹೋದವು. ನೆಲ ಮೊದಲಿನಂತೆ ಹೊಳೆಯಿತು. ಆರಿದ್ದನ್ನು ನಾನು ನೋಡಿದೆ. ಯಾರಿಗೂ ಹೇಳಲಿಲ್ಲ. ಜಗಳ ಯಾಕೆ ಎನಿಸಿತು.

ಮರುದಿನ ಮೆಟ್ಟಿಲ ಬುಡದಲ್ಲೇ ಅವಳನ್ನು ತಡೆದೆ. ಕೈ ಹಿಡಿದುಕೊಂಡೆ.

"ಒಳಗೆ ಸೆಕೆ ಕಣಮ್ಮಾ. ಇಲ್ಲಿ ತಂಪು ಗಾಳಿ ಬರುತ್ತೆ. ಈ ಕಿಟಕಿಯಿಂದ ಮಾಸ್ತರು ಚೆನ್ನಾಗಿ ಕಾಣ್ತಾರೆ. ನಿನಗೂ ಹತ್ತಿ ಇಳಿಯೋ ಕಷ್ಟ ತಪ್ಪುತ್ತೆ."

ಅವಳು ನನ್ನ ಮುಖ ನೋಡಿದಳು. ಕಿಟಕಿ ನೋಡಿದಳು.

"ನನಗೆ ಕಷ್ಟ ಇಲ್ವಲ್ಲ ಮೇಡಂ."

"ಸ್ವಲ್ಪ ದಿನ ಅಷ್ಟೇ."

ಚಿಕ್ಕಮ್ಮ ಹಲಗೆಯನ್ನು ಇನ್ನೂ ಕೆಳಗಿಳಿಸಿರಲಿಲ್ಲ. "ಸೆಕೆ ಅಂತೆ ಕಣೇ," ಎಂದಳು. "ನಾನು ಸ್ವೆಟರ್ ಹಾಕ್ಕೊಂಡು ಬಂದಿದ್ದೀನಿ."

ನಾನು ನಕ್ಕೆ. ಅಂಥ ಹೊತ್ತಿನಲ್ಲಿ ನಗುವುದು ನನಗೆ ಚೆನ್ನಾಗಿ ಬರುತ್ತದೆ.

ಆ ದಿನ ಪುಸ್ತಕ ತೆರೆದೆ. ಅವಳು ಬಂದಿದ್ದಳು. ಬಾಗಿಲು ದಾಟಿರಲಿಲ್ಲ. ಗೀಟು ಹಾಕಿದರೆ ಒಳಗಿಲ್ಲದವಳ ಹೆಸರು ಹಾಜರಿಯಲ್ಲಿ ಯಾಕೆ ಎಂದು ಅಧ್ಯಕ್ಷರು ಕೇಳುತ್ತಾರೆ. ಮಾತು ಬೆಳೆಯುತ್ತದೆ. ಅವಳಿಗೆ ಅವಮಾನವಾಗುತ್ತದೆ. ಹೀಗೆಲ್ಲ ಯೋಚಿಸಿ, ಅವಳ ಹಿತಕ್ಕೆಂದೇ, ಅವಳ ಹೆಸರನ್ನು ಕಡೆಯ ಪುಟಕ್ಕೆ ಸಾಗಿಸಿದೆ. ವೀಕ್ಷಕರು. ದುಂಡಗೆ ಬರೆದೆ.

ಆಮೇಲೆ ನೂರ ನಲವತ್ತೆರಡು ಬೆಳಗು ಅವಳು ವರಾಂಡದಲ್ಲಿ ಯೋಗ ಮಾಡಿದಳು. ಅರವತ್ತು ಜೊತೆ ಚಪ್ಪಲಿಯ ನಡುವೆ.

ಮಾಸ್ತರು ಒಳಗೆ ಉಸಿರೆಳೆಯಿರಿ ಎಂದಾಗ ಅವಳು ಹೊರಗೆ ಎಳೆಯುತ್ತಿದ್ದಳು. ಅವಳು ಎಳೆದದ್ದು ಯಾವ ಗಾಳಿ ಎಂದು ನನಗೆ ಗೊತ್ತು. ಮಳೆಯಲ್ಲಿ ನೆಂದ ಚಪ್ಪಲಿಯ ವಾಸನೆ ನನ್ನ ಸ್ಟೂಲ್‌ವರೆಗೂ ಬರುತ್ತಿತ್ತು. ತರಗತಿ ಮುಗಿದು ಜನ ಹೊರಗೆ ಬಂದಾಗ ಅವಳ ಕುರ್ಚಿಯ ಕೆಳಗೆ ಕೈ ಹಾಕಿ ತಡಕುತ್ತಿದ್ದರು. "ಸ್ವಲ್ಪ ಸರೀರಿ, ನನ್ನದು ಇಲ್ಲೇ ಬಿಟ್ಟಿದ್ದೆ." ಅವಳು ಕಣ್ಣು ಮುಚ್ಚಿ ಕಡೆಯ ಉಸಿರಿನಲ್ಲಿರುತ್ತಿದ್ದಳು. ಕಣ್ಣು ತೆರೆದು ಸರಿಯುತ್ತಿದ್ದಳು. ಒಬ್ಬ ಹೆಂಗಸು ಒಮ್ಮೆ, "ನೀವು ಇಲ್ಲೇ ಇರ್ತೀರಲ್ಲ, ಚಪ್ಪಲಿ ಮೇಲೆ ಒಂಚೂರು ಕಣ್ಣಿಟ್ಟಿರಿ" ಎಂದಳು. ವರಾಂಡದಲ್ಲೇ ಉಳಿದಿದ್ದ ಚಿಕ್ಕಮ್ಮನ ಹಲಗೆಯನ್ನು ಯಾರೋ ಎರಡೆರಡು ಇಟ್ಟಿಗೆಯ ಮೇಲಿಟ್ಟು ಚಪ್ಪಲಿ ಸ್ಟ್ಯಾಂಡ್ ಮಾಡಿದರು. ಎಷ್ಟು ಅಚ್ಚುಕಟ್ಟಾಯಿತು ಎಂದು ನಾನೇ ಹೊಗಳಿದೆ.

ನಾನು ಅವಳಿಗೆ ಏನೂ ಮಾಡಲಿಲ್ಲ ಎಂದಲ್ಲ. ಬೇಕಾದಷ್ಟು ಮಾಡಿದೆ. ಅವಳು ಬರುವ ಮೊದಲೇ ಕಾಲಿನಿಂದ ಚಪ್ಪಲಿ ಸರಿಸಿ ಕುರ್ಚಿ ಹಿಡಿಸುವಷ್ಟು ಜಾಗ ಮಾಡಿಡುತ್ತಿದ್ದೆ. ಮಳೆ ಓರೆಯಾಗಿ ಹೊಡೆದರೆ ಕೊಡೆ ಬಿಚ್ಚಿ ಅವಳ ಕುರ್ಚಿಗೆ ಸಿಕ್ಕಿಸುತ್ತಿದ್ದೆ. ಬಿಸಿನೀರು ಕೊಡುತ್ತಿದ್ದೆ. ಮನೆಗೆ ಹೋಗುವಾಗ ನನ್ನ ಮನಸ್ಸು ಹಗುರವಾಗಿರುತ್ತಿತ್ತು.

ಒಂದು ದಿನ ಮಾಸ್ತರು ತೋಲಾಸನ ಹೇಳಿಕೊಟ್ಟರು. ಪದ್ಮಾಸನ ಹಾಕಿ, ಎರಡೂ ಅಂಗೈ ನೆಲಕ್ಕೊತ್ತಿ, ಇಡೀ ಮೈಯನ್ನು ಮೇಲೆತ್ತಬೇಕು. ತಕ್ಕಡಿ ತೂಗಿದ ಹಾಗೆ.

"ಇದು ಎಲ್ಲರಿಗೂ ಬರೋದಲ್ಲ. ತೋಳಲ್ಲಿ ವರ್ಷಗಟ್ಟಲೆ ಸಾಧನೆ ಬೇಕು."

ಅರವತ್ತು ಜನ ಮುಕ್ಕಿರಿದರು. ಒಬ್ಬರ ಹಿಂಭಾಗವೂ ನೆಲ ಬಿಡಲಿಲ್ಲ. ನಗು ಎದ್ದಿತು. ನಾನು ನಗುತ್ತಾ ಕಿಟಕಿಯತ್ತ ತಿರುಗಿದೆ. ಟೈಲರಮ್ಮ ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈ ಒತ್ತಿ ಮೈಯನ್ನು ಮೇಲೆತ್ತಿದ್ದಳು. ಗಾಳಿಯಲ್ಲಿ ನಿಂತಿದ್ದಳು. ಹತ್ತು ಉಸಿರು. ಮೆಲ್ಲಗೆ ಇಳಿದಳು. ಕುರ್ಚಿ ಕಿರ್ ಎಂದಿತು.

ಅದೇ ಸದ್ದು. ನಾಲ್ಕು ಜನ ದೂರು ಕೊಟ್ಟಿದ್ದ ಸದ್ದು.

ಆಮೇಲೆ ಕೇಳಿದೆ. ಅವಳು ಹೇಳಿದಳು. ಇಪ್ಪತ್ತು ನಿಮಿಷಕ್ಕೊಮ್ಮೆ ಹೀಗೆ ಎತ್ತಲೇಬೇಕು. ಎತ್ತದಿದ್ದರೆ ಕೂತ ಜಾಗದಲ್ಲಿ ಹುಣ್ಣಾಗುತ್ತದೆ. ನೋವು ಗೊತ್ತಾಗುವುದಿಲ್ಲ, ಕೊಳೆತ ಮೇಲೆ ವಾಸನೆಯಿಂದ ಗೊತ್ತಾಗುತ್ತದೆ. ಮೊದಲ ವರ್ಷ ಹಾಗೆ ಎರಡು ಹುಣ್ಣಾಗಿ ಮೂರು ತಿಂಗಳು ಬೋರಲು ಮಲಗಿದ್ದಳು. ಹನ್ನೊಂದು ವರ್ಷದಿಂದ, ಎಚ್ಚರವಿರುವಷ್ಟು ಹೊತ್ತು, ಇಪ್ಪತ್ತು ನಿಮಿಷಕ್ಕೊಮ್ಮೆ.

ನಾನು ಒಳಗೆ ಹೋಗಿ ಮಾಸ್ತರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವರಿಗೆ ಮುಜುಗರವಾದೀತು ಎನಿಸಿತು.

ಐದು ತಿಂಗಳಾದ ಮೇಲೆ ಪ್ರಕಟಣೆ ಬಂತು. ನೂರು ದಿನ ಹಾಜರಿ ಇರುವವರು ಯೋಗ ಶಿಕ್ಷಕರ ಪರೀಕ್ಷೆಗೆ ಕೂರಬಹುದು. ತೇರ್ಗಡೆಯಾದವರಿಗೆ ಪ್ರಮಾಣಪತ್ರ. ಟೈಲರಮ್ಮ ಮರುದಿನವೇ ಅರ್ಜಿ ತಂದಳು. ಅಂದು ಅವಳ ಮುಖ ಬೇರೆಯಾಗಿತ್ತು.

"ಆಸ್ಪತ್ರೆ ನರ್ಸಮ್ಮ ಒಂದು ರೂಮ್ ತೋರಿಸಿದ್ದಾರೆ ಮೇಡಂ. ನೆಲಮಟ್ಟದ್ದು. ನನ್ನಂಥೋರು ಎಂಟು ಜನ ಕಾಯ್ತಿದ್ದಾರೆ. ಇಬ್ಬರಿಗೆ ಆಗ್ಲೇ ಹುಣ್ಣು. ಮೈ ಎತ್ತೋಕೆ ತೋಳಲ್ಲಿ ಬಲ ಇಲ್ಲ. ನಾನು ಹೇಳಿಕೊಡ್ತೀನಿ. ಆದ್ರೆ ಕಾಗದ ಇಲ್ಲದೆ ಆಸ್ಪತ್ರೆಯವರು ಬಿಡಲ್ಲವಂತೆ. ನಂದು ನೂರು ದಿನ ಯಾವತ್ತೋ ದಾಟಿದೆ, ಅಲ್ವಾ?"

ಪುಸ್ತಕ ನನ್ನ ಮಡಿಲಲ್ಲಿತ್ತು. ಅದರ ಮೇಲೆ ಕೈಯಿಟ್ಟುಕೊಂಡೆ.

"ಕೊಡಮ್ಮಾ. ಅಧ್ಯಕ್ಷರಿಗೆ ತಲುಪಿಸ್ತೀನಿ."

ಅಧ್ಯಕ್ಷರು ಪುಸ್ತಕ ತಿರುವಿದರು. ಒಂಬತ್ತು ದಿನ. ಅವರಿಗೆ ನಿಜಕ್ಕೂ ಕೆಡುಕೆನಿಸಿತು.

"ಪಾಪ. ಹೊರಗೆ ಕೂತಿದ್ದನ್ನ ಹಾಜರಿ ಅನ್ನೋಕಾಗಲ್ಲ. ವರಾಂಡ ಸಾರ್ವಜನಿಕರದ್ದು, ಯಾರು ಬೇಕಾದ್ರೂ ಕೂರ್ತಾರೆ. ಒಂದು ಕೆಲಸ ಮಾಡೋಣ. ವಾರ್ಷಿಕೋತ್ಸವದಲ್ಲಿ ಸ್ಫೂರ್ತಿ ಪ್ರಶಸ್ತಿ ಅಂತ ಕೊಟ್ಬಿಡೋಣ. ಖುಷಿಯಾಗ್ತಾಳೆ."

ನನಗೆ ಅದು ಒಳ್ಳೆಯ ಉಪಾಯ ಎನಿಸಿತು. ಪ್ರಶಸ್ತಿಯ ಒಕ್ಕಣೆ ನಾನೇ ಬರೆದೆ. 'ಎಲ್ಲ ಕುಂದುಗಳನ್ನು ಮೀರಿದ ಅದಮ್ಯ ಚೇತನ.' ಅಂಗಡಿಯ ಮುಂದೆಯೇ ದಿನವೂ ಹಾದುಹೋದೆ. ಅರ್ಜಿ ತಿರಸ್ಕೃತವಾಗಿದೆ ಎಂದು ಹೇಳಲಿಲ್ಲ.

ವಾರ್ಷಿಕೋತ್ಸವ ಅಂಗಳದಲ್ಲಿ ನಡೆಯಿತು. ಎತ್ತರದ ವೇದಿಕೆ. ಅವಳು ಹೊಸ ಬಟ್ಟೆ ಹೊಲಿದುಕೊಂಡು ಬಂದಿದ್ದಳು. ಪರೀಕ್ಷೆಗೆ ಕೂರುವವರ ಪಟ್ಟಿ ಓದಿದರು. ಹನ್ನೆರಡು ಹೆಸರು. ಪ್ರತಿ ಹೆಸರಿಗೂ ಅವಳು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದಳು. ಪಟ್ಟಿ ಮುಗಿಯಿತು. ಅವಳು ಬಾಗಿಯೇ ಇದ್ದಳು.

"ಈಗ ನಮ್ಮೆಲ್ಲರ ಸ್ಫೂರ್ತಿ," ಎಂದರು ಅಧ್ಯಕ್ಷರು ಮೈಕಿನಲ್ಲಿ. ಅವಳನ್ನು ಕರೆದರು. ಚಪ್ಪಾಳೆ. ನಾಲ್ಕು ಜನ ಗಂಡಸರು ಬಂದು, ಒಂದು ಮಾತು ಕೇಳದೆ, ಕುರ್ಚಿಯ ನಾಲ್ಕು ಮೂಲೆ ಹಿಡಿದು ಎತ್ತಿದರು.

ಕುರ್ಚಿ ಹಿಂದಕ್ಕೆ ವಾಲಿತು. ಅವಳ ಕಾಲುಗಳು ಪಾದದ ಹಲಗೆಯಿಂದ ಜಾರಿ ನೇತಾಡಿದವು. ಒಂದು ಚಪ್ಪಲಿ ಕಳಚಿ ಬಿತ್ತು. ಹೊಸ ಬಟ್ಟೆ ಮೊಣಕಾಲಿನ ಮೇಲಕ್ಕೆ ಸರಿಯಿತು. ಅದನ್ನು ಎಳೆದುಕೊಳ್ಳಲು ಕೈ ಬಿಡುವಂತಿಲ್ಲ. ಬಿಟ್ಟರೆ ಬೀಳುತ್ತಾಳೆ.

"ಇಳಿಸಿ."

ಅವರು ಮೆಟ್ಟಿಲು ಹತ್ತುತ್ತಿದ್ದರು.

"ಇಳಿಸಿ ಅಂದೆ! ನಾನು ಮೂಟೆ ಅಲ್ಲ!"

ಚಪ್ಪಾಳೆ ನಿಂತಿತು. ಇಳಿಸಿದರು. ಅವಳು ಬ್ರೇಕ್ ಹಾಕಿದಳು. ಬಟ್ಟೆ ಸರಿಮಾಡಿಕೊಂಡಳು. ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಜಾಗಕ್ಕಿಟ್ಟಳು. ಅಷ್ಟೂ ಹೊತ್ತು ಇನ್ನೂರು ಜನ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿದಳು.

"ಪಟ್ಟೀಲಿ ನನ್ನ ಹೆಸರು ಯಾಕಿಲ್ಲ?"

"ಅಮ್ಮಾ, ಇವತ್ತು ಸಂತೋಷದ ದಿನ..."

"ನಾನು ಒಂದು ದಿನ ತಪ್ಪಿಸಿಲ್ಲ. ನನ್ನ ಹಾಜರಿ ಎಷ್ಟು? ಓದಿ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಅವರಿಗೆ ಬಿಡುಗಡೆಯಾದಂತಿತ್ತು.

"ಮೇಡಂ, ಪುಸ್ತಕ ನಿಮ್ಮ ಹತ್ತಿರ ಇದೆ. ನೀವೇ ಹೇಳಿ."

ನಾನು ಎದ್ದು ನಿಂತೆ. ಅವಳು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ಪುಸ್ತಕ ನನ್ನ ಕೈಯಲ್ಲಿದೆ ಎಂಬ ಧೈರ್ಯವಿತ್ತು. ಅದನ್ನು ನಾನು ಸಾಯುವವರೆಗೆ ಮರೆಯಲಾರೆ.

"ಒಂಬತ್ತು ದಿನ," ಎಂದೆ.

ಪುಸ್ತಕದಲ್ಲಿದ್ದದ್ದು ಅದೇ. ನೂರ ಐವತ್ತೊಂದು ಎಂದು ನನಗೆ ಗೊತ್ತಿತ್ತು.

ಅವಳು ಗಡಿಯಾರ ನೋಡಿಕೊಂಡಳು. ಎರಡೂ ಅಂಗೈ ಕುರ್ಚಿಯ ಕೈಗಳಿಗೆ ಒತ್ತಿ ಮೈಯನ್ನು ಮೇಲೆತ್ತಿದಳು. ಹೊತ್ತಾಗಿತ್ತು, ಎತ್ತಿದಳು. ಹತ್ತು ಉಸಿರು. ಮಾಸ್ತರು ನೆಲ ನೋಡುತ್ತಿದ್ದರು.

ಇಳಿದು ಹೇಳಿದಳು, "ಇದು ನೀವು ಕಲಿಸಿದ್ದಲ್ಲ ಮಾಸ್ತರೇ. ಹುಣ್ಣು ಕಲಿಸಿದ್ದು."

ಅಧ್ಯಕ್ಷರು ಹೂಗುಚ್ಛ ಹಿಡಿದು ಕೆಳಗಿಳಿದು ಬಂದಿದ್ದರು. ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಈ ಹೂವು ಯಾತಕ್ಕೆ? ಚಪ್ಪಲಿ ಕಾಯ್ದಿದ್ದಕ್ಕಾ?" ಎಂದಳು.

ಚಿಕ್ಕಮ್ಮ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡಳು. ಟೈಲರಮ್ಮ ಬ್ರೇಕ್ ತೆಗೆದು, ಕುರ್ಚಿ ತಿರುಗಿಸಿ, ಹೊರಟುಹೋದಳು. ಅಂಗಳದಲ್ಲಿ ಜಲ್ಲಿಯಿತ್ತು. ಚಕ್ರ ಹೂತುಹೋಗುತ್ತಿತ್ತು. ಯಾರೋ ತಳ್ಳಲು ಹೋದರು. ಚಿಕ್ಕಮ್ಮ ಕೈ ಅಡ್ಡ ಹಿಡಿದಳು.

ಮರುದಿನ ಬೆಳಿಗ್ಗೆ ಅವಳ ಅಂಗಡಿಗೆ ಹೋದೆ. ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಚಿಕ್ಕಮ್ಮ ಬಾಗಿಲಲ್ಲಿ ಕೂತು ಅಂಗಿಯ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದಳು.

"ಬನ್ನಿ, ಬನ್ನಿ. ವೀಕ್ಷಕರು ಬಂದ್ರು ನೋಡೇ. ಸ್ಟೂಲ್ ಕೊಡ್ಲಾ, ಇಲ್ಲಾ ಹೊರಗೆ ಗಾಳಿ ಚೆನ್ನಾಗಿದೆಯಾ?"

ಟೈಲರಮ್ಮ ಯಂತ್ರ ನಿಲ್ಲಿಸಲಿಲ್ಲ. ನಾನು ಅಷ್ಟು ಹೊತ್ತೂ ನಿಂತೆ. ಒಂದು ತೋಳು ಮುಗಿಯಿತು. ದಾರ ಕತ್ತರಿಸಿದಳು. ನಾನು ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಪೆನ್ನೂ ಇಟ್ಟೆ.

"ಪುಸ್ತಕ ಇನ್ನೂ ನನ್ನ ಹತ್ತಿರಾನೇ ಇದೆ. ನೂರ ನಲವತ್ತೆರಡು ಗೀಟು ಈಗ್ಲೇ ಹಾಕ್ತೀನಿ. ಯಾರಿಗೂ ಗೊತ್ತಾಗಲ್ಲ."

"ಯಾರಿಗೂ ಗೊತ್ತಾಗದ ಹಾಗೆ?"

"ಹೂಂ ಕಣಮ್ಮಾ."

ಅವಳು ಪೆನ್ನನ್ನು ನನ್ನ ಕಡೆಗೆ ಸರಿಸಿದಳು.

"ಕದ್ದು ಹಾಕೋ ಗೀಟು ಬೇಡ ಮೇಡಂ. ನಾನು ಬಂದಿದ್ದು ಕದ್ದುಮುಚ್ಚಿ ಅಲ್ಲ. ಹಾಡಹಗಲು ಬಂದೆ. ನೀವು ನೋಡಿದ್ರಿ."

"ತಪ್ಪಾಯ್ತು."

"ನೀವು ಬಿಸಿನೀರು ಕೊಟ್ರಿ. ಕೊಡೆ ಹಿಡಿದ್ರಿ. ಚಪ್ಪಲಿ ಸರಿಸಿದ್ರಿ, ಅದೂ ಕಾಲಲ್ಲಿ, ನಂಗೆ ಗೊತ್ತಾಗಬಾರದು ಅಂತ. ಎಲ್ಲ ಗೊತ್ತಿತ್ತು. ಅಷ್ಟೊಂದು ಮಾಡಿದವರು ಒಂದು ಗೀಟು ಎಳೀಲಿಲ್ಲ. ಆ ಅಧ್ಯಕ್ಷ ಬೈದಿದ್ರೆ ನಾನು ಎರಡನೇ ದಿನಾನೇ ಜಗಳ ಆಡ್ತಿದ್ದೆ. ನೀವು ಕೈ ಹಿಡ್ಕೊಂಡ್ರಿ. ಕೈ ಹಿಡ್ಕೊಂಡವರ ಹತ್ತಿರ ಹೇಗೆ ಜಗಳ ಆಡ್ಲಿ?"

ಚಿಕ್ಕಮ್ಮನ ಸೂಜಿ ನಿಂತಿತ್ತು.

"ನಾನೇನು ಮಾಡ್ಲಿ, ಹೇಳು."

"ನಡೆದಿದ್ದು ನಡೆದ ಹಾಗೆ ಬರೀರಿ. ನಿಮ್ಮ ದುಂಡಕ್ಷರದಲ್ಲೇ. ಕೆಳಗೆ ಸಹಿ ಹಾಕಿ. ಆಸ್ಪತ್ರೆಗೆ ಒಂದು ಕೊಡಿ. ಆ ಹಾಲ್ ಬಾಗಿಲಿಗೆ ಒಂದು ಅಂಟಿಸಿ."

ಬರೆದೆ. ನೀರಿನ ಗೆರೆ ಆರಿದ್ದನ್ನೂ ಬರೆದೆ. ಸೆಕೆ ಎಂದು ಹೇಳಿದ ಸುಳ್ಳನ್ನೂ ಬರೆದೆ. ಬಾಗಿಲಿಗೆ ಅಂಟಿಸಿದ್ದನ್ನು ಅಧ್ಯಕ್ಷರು ಅರ್ಧ ಗಂಟೆಯೊಳಗೆ ಹರಿದರು. ಪುಸ್ತಕ ವಾಪಸ್ ಕೇಳಿದರು. "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ," ಎಂದರು. ನನ್ನಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಅದಕ್ಕೇ ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ಆಸ್ಪತ್ರೆಯ ನರ್ಸಮ್ಮ ನನ್ನ ಕಾಗದವನ್ನು ಎರಡು ಸಲ ಓದಿದಳು. ಅದು ಪ್ರಮಾಣಪತ್ರವಾಗುವುದಿಲ್ಲ, ರೂಮ್ ಸಿಗುವುದಿಲ್ಲ ಎಂದಳು. ಕಾಗದವನ್ನು ಮಾತ್ರ ಹಿಂದಿರುಗಿಸಲಿಲ್ಲ. ಮಡಿಸಿ ಜೇಬಿನಲ್ಲಿಟ್ಟುಕೊಂಡಳು.

ಮುಂದಿನ ಸೋಮವಾರ ಆರಕ್ಕೆ ಹತ್ತು ನಿಮಿಷವಿರುವಾಗ ಒಂದು ವ್ಯಾನು ಬಂದು ನಿಂತಿತು. ನರ್ಸಮ್ಮ ಮೊದಲು ಇಳಿದಳು. ಎಂಟು ಜನರಲ್ಲಿ ಐದು ಜನ ಬಂದಿದ್ದರು. ಒಬ್ಬೊಬ್ಬರಾಗಿ ಇಳಿದು ವರಾಂಡದಲ್ಲಿ ಕುರ್ಚಿ ನಿಲ್ಲಿಸಿದರು. ಟೈಲರಮ್ಮ ಮುಂದೆ. ವರಾಂಡ ತುಂಬಿತು. ಚಿಕ್ಕಮ್ಮ ಸ್ಟ್ಯಾಂಡಿನ ಮೇಲಿದ್ದ ಚಪ್ಪಲಿಗಳನ್ನು ಒಂದೇ ಸಲಕ್ಕೆ ಓರೆ ಮಾಡಿ ಸುರಿದು ತನ್ನ ಹಲಗೆ ಎತ್ತಿಕೊಂಡಳು. ಅದರ ಧೂಳನ್ನು ಸೆರಗಿನಿಂದ ಒರೆಸಿ ಮೆಟ್ಟಿಲಿಗೆ ಒರಗಿಸಿದಳು.

ಹಾಲ್‌ಗೆ ಬಂದವರು ರಸ್ತೆಯಲ್ಲೇ ನಿಂತರು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದರು. ಬಿಡಲು ಜಾಗವಿರಲಿಲ್ಲ. ಅಧ್ಯಕ್ಷರು ಮುಂದೆ ಬಂದರು.

"ಇದೇನಿದು? ದಾರಿ ಬಿಡಿ."

"ಹಾಲ್ ನಿಮ್ಮದು ಸ್ವಾಮಿ," ಎಂದಳು ಚಿಕ್ಕಮ್ಮ. "ವರಾಂಡ ಸಾರ್ವಜನಿಕರದ್ದು. ಯಾರು ಬೇಕಾದ್ರೂ ಕೂರ್ತಾರಂತೆ. ನಿಮ್ಮ ಮೇಡಂ ಬರೆದಿದ್ದಾರೆ."

ಎಲ್ಲರೂ ನನ್ನನ್ನು ನೋಡಿದರು. ನಾನು ನಗಲಿಲ್ಲ. ಮನೆಯಿಂದ ಕೈಯಿರುವ ಒಂದು ಮರದ ಕುರ್ಚಿ ತಂದಿದ್ದೆ. ಸಾಲಿನ ಕಡೆಯಲ್ಲಿ ಅದನ್ನು ಹಾಕಿಕೊಂಡು ಕೂತೆ. ಮಾಸ್ತರು ಸ್ವಲ್ಪ ಹೊತ್ತು ನಿಂತರು. ಆಮೇಲೆ ತಮ್ಮ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು, ಹಲಗೆ ತುಳಿಯದೆ, ಅದರ ಪಕ್ಕದಿಂದ ಮೆಟ್ಟಿಲು ಹತ್ತಿ ಒಳಗೆ ಹೋದರು.

ಟೈಲರಮ್ಮ ಒಂದು ಹೊಸ ನೋಟ್‌ಬುಕ್ ತೆಗೆದಳು. ಅಳತೆ ಬರೆಯುವ ಪೆನ್ಸಿಲ್‌ನಿಂದ ಹೆಸರು ಬರೆದುಕೊಂಡಳು. ನನ್ನ ಹತ್ತಿರ ಬಂದಾಗ ಪುಟ ತಿರುವಿದಳು. ಕಡೆಯ ಪುಟ.

"ಇವತ್ತಿಗೆ ಇಲ್ಲಿ ಬರ್ಕೊಳ್ತೀನಿ ಮೇಡಂ."

"ಬರ್ಕೋ."

"ಎಲ್ಲರೂ ಅಂಗೈ ಕುರ್ಚಿ ಕೈ ಮೇಲೆ ಇಡಿ. ಬೆರಳು ಮುಂದಕ್ಕೆ. ಉಸಿರು ಎಳೀರಿ. ಒತ್ತಿ. ಮೈ ಎತ್ತಿ."

ನನ್ನ ಪಕ್ಕದ ಹೆಂಗಸು ಹುಣ್ಣಿನವಳು. ಅವಳ ತೋಳು ಗಡಗಡ ನಡುಗಿತು. ಒಂದು ಬೆರಳಿನಷ್ಟು ಎದ್ದಳು. ಧೊಪ್ಪನೆ ಕೂತಳು. ಟೈಲರಮ್ಮ ಅವಳ ಹೆಸರಿನ ಮುಂದೆ ಗೀಟು ಎಳೆದಳು.

ನಾನೂ ಒತ್ತಿದೆ. ಹಲ್ಲು ಕಚ್ಚಿ ಒತ್ತಿದೆ. ಎಡ ಭುಜ ಚುರ್ ಎಂದಿತು. ಕುರ್ಚಿ ಕಿರ್ ಎಂದಿತು. ನಾನು ಏಳಲಿಲ್ಲ.

ಟೈಲರಮ್ಮ ನೋಡಿದಳು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡಳು.

"ಇನ್ನೊಂದ್ಸಲ," ಎಂದಳು.